ಅಜ್ಜಿಗೆ ಮಾತ್ರ ಕಾಣುವ ಮಕ್ಕಳು

ಹಿಂದೊಮ್ಮೆ ಲಕ್ವ ಹೊಡೆದು ಚೇತರಿಸಿಕೊಂಡಿದ್ದ ಹಿರಿಯರು ಒಂದು ಸಂಜೆ, ‘ಆ ಮೂಲೇಲಿ ಕೂತವ್ರಿಗೆ ಕಾಫಿ ಕೊಟ್ರಾ?’ ಎಂದು ಕೇಳುತ್ತಾರೆ. ಮೂಲೆಯಲ್ಲಿ ಯಾರೂ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ಕೆಲವು ಮನೆಗಳಲ್ಲಿ ಗದರಿಸಿ ಸುಮ್ಮನಾಗಿಸುತ್ತಾರೆ, ಕೆಲವು ಮನೆಗಳಲ್ಲಿ ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಲು ಓಡುತ್ತಾರೆ. ಈಚೀಚೆಗೆ ಮೂರನೆಯ ದಾರಿಯೂ ಬಂದಿದೆ. ಮೆಡಿಕಲ್ ಶಾಪಿನಲ್ಲಿ ಹೇಳಿ ನಿದ್ದೆ ಬರುವ ಮಾತ್ರೆ ತಂದು ಕೊಡುವುದು. ಮೂರರಲ್ಲಿ ಹೆಚ್ಚು ಅಪಾಯದ್ದು ಈ ಕೊನೆಯದೇ.

ಇಲ್ಲದ್ದು ಕಣ್ಣಿಗೆ ಕಾಣುವುದನ್ನು ವೈದ್ಯರು ದೃಷ್ಟಿಭ್ರಮೆ ಎನ್ನುತ್ತಾರೆ. ಮಿದುಳಿನ ರಕ್ತನಾಳ ಕೆಟ್ಟು ಬರುವ ಮರೆವಿನ ಕಾಯಿಲೆಯಲ್ಲಿ, ಅಂದರೆ ವ್ಯಾಸ್ಕುಲರ್ ಡಿಮೆನ್ಷಿಯಾದಲ್ಲಿ, ಇದು ಎಲ್ಲರಿಗೂ ಬರುವುದಿಲ್ಲ. ಬಂದರೆ ‘ಕಾಯಿಲೆ ಜಾಸ್ತಿಯಾಯಿತು, ಇನ್ನೇನು ಮಾಡುವುದು’ ಎಂದು ಕೈಚೆಲ್ಲಬೇಕಿಲ್ಲ. ಅನೇಕ ಸಲ ಅದರ ಹಿಂದೆ ಸರಿಪಡಿಸಬಹುದಾದ ಕಾರಣವೇ ಇರುತ್ತದೆ: ಮೂತ್ರದ ಸೋಂಕು, ಇಳಿದ ಸೋಡಿಯಂ, ಶೀತಕ್ಕೆಂದು ನುಂಗಿದ ಮಾತ್ರೆ, ಬಲಿತ ಕಣ್ಣಿನ ಪೊರೆ. ಹೊಸ ಮಾತ್ರೆ ಸೇರಿಸುವ ಮೊದಲು ಯಾವುದನ್ನು ತೆಗೆಯಬಹುದು, ಯಾವುದನ್ನು ಸರಿಪಡಿಸಬಹುದು ಎಂದು ಹುಡುಕುವ ಕ್ರಮ ಇಲ್ಲಿದೆ.

ಕಾಯಿಲೆಯ ಬಗ್ಗೆ ಎರಡು ಮಾತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಅದರ ಬಗೆಗಳಲ್ಲಿ ಅಲ್ಜೈಮರ್ಸ್ ಬಿಟ್ಟರೆ ಮುಖ್ಯವಾದದ್ದು ರಕ್ತನಾಳದ ಈ ಕಾಯಿಲೆ. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ವರ್ಷಗಟ್ಟಲೆ ಸೇರಿ ಮಿದುಳಿನ ಸಣ್ಣ ನಾಳಗಳು ಕಟ್ಟಿಕೊಳ್ಳುವಂತೆ ಮಾಡುತ್ತವೆ. ಒಂದೊಂದು ಸ್ಟ್ರೋಕ್, ಅಂದರೆ ಲಕ್ವ, ಆದಾಗಲೂ ಮಿದುಳಿನ ಶಕ್ತಿ ಮೆಟ್ಟಿಲು ಇಳಿದಂತೆ ಇಳಿಯುತ್ತದೆ, ಒಂದಷ್ಟು ಕಾಲ ಅಲ್ಲೇ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಸಣ್ಣ ನಾಳಗಳು ಮಾತ್ರ ಕೆಟ್ಟಿದ್ದರೆ ಮೆಟ್ಟಿಲು ಕಾಣದೆ ನಿಧಾನವಾಗಿ ಇಳಿಯುವುದೂ ಉಂಟು. ಪೆಟ್ಟು ಬಿದ್ದ ಜಾಗ ನೋಟಕ್ಕೆ ಸಂಬಂಧಿಸಿದ ಹಿಂಭಾಗವೋ, ಥಲಾಮಸ್ಸೋ, ಮಿದುಳ ಕಾಂಡದ ಮೇಲ್ಭಾಗವೋ ಆಗಿದ್ದರೆ ದೃಷ್ಟಿಭ್ರಮೆ ಕಾಣಿಸಿಕೊಳ್ಳಬಹುದು. ಪ್ಯಾರಿಸ್‌ನ ನರವೈದ್ಯ ಝಾನ್ ಲೆರ್ಮಿಟ್ 1922ರಲ್ಲಿ ವರ್ಣಿಸಿದ 72 ವರ್ಷದ ಮಹಿಳೆಗೆ ಹೊತ್ತು ಮುಳುಗುವಾಗ ಬೆಕ್ಕು, ಕೋಳಿಗಳು ಕಾಣುತ್ತಿದ್ದವು. ಆಕೆಯ ಮಿದುಳ ಕಾಂಡಕ್ಕೆ ಪೆಟ್ಟಾಗಿತ್ತು, ದೆವ್ವ ಹಿಡಿದಿರಲಿಲ್ಲ.

ಮೊದಲ ಪ್ರಶ್ನೆ: ಯಾವಾಗಿನಿಂದ?

ಏನು ಕಾಣುತ್ತಿದೆ ಎಂಬುದರ ಮೇಲೆಯೇ ಮನೆಯವರ ಗಮನವೆಲ್ಲ ಇರುತ್ತದೆ. ತೀರಿಹೋದ ಅಣ್ಣ ಕಂಡನೋ, ಕಪ್ಪು ನಾಯಿ ಕಂಡಿತೋ ಎಂಬ ಚರ್ಚೆಯಲ್ಲಿ ದಿನ ಕಳೆಯುತ್ತದೆ. ವೈದ್ಯರಿಗೆ ಅದಕ್ಕಿಂತ ಬೆಲೆಬಾಳುವ ಸಂಗತಿ ಇದು ಶುರುವಾಗಿ ಎಷ್ಟು ದಿನವಾಯಿತು ಎಂಬುದು.

ನಿನ್ನೆ ಮೊನ್ನೆ ಶುರುವಾಗಿದ್ದರೆ ಮೊದಲ ಅನುಮಾನ ಡೆಲಿರಿಯಂ ಮೇಲೆ. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ದೇಹದಲ್ಲಿ ಬೇರೇನೋ ಕೆಟ್ಟು, ಮೊದಲೇ ಸೋತಿದ್ದ ಮಿದುಳು ಅದನ್ನು ತಾಳಲಾರದೆ ತಾತ್ಕಾಲಿಕವಾಗಿ ದಿಕ್ಕು ತಪ್ಪುತ್ತದೆ. ಇದಕ್ಕೆ ಕೆಲವು ಗುರುತುಗಳಿವೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಪೂರ್ತಿ ಬದಲಾಗುತ್ತಾರೆ. ಹಗಲೆಲ್ಲ ತೂಕಡಿಸಿ ರಾತ್ರಿ ಎದ್ದು ಕೂರುತ್ತಾರೆ. ಮಾತು ಒಂದು ಎಳೆಯಲ್ಲಿ ನಿಲ್ಲುವುದಿಲ್ಲ. ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ ನೋಡಿ. ಹೋದ ವಾರ ಹೇಳುತ್ತಿದ್ದವರು ಈ ವಾರ ಎರಡನೆಯ ಹೆಸರಿಗೇ ಎಡವಿದರೆ ಅದು ಸುಳಿವು. ಹಿಂದೆಯೂ ಹೇಳಲಾಗದವರಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಅಂಥವರಲ್ಲಿ, ‘ನಮ್ಮಪ್ಪ ಹೀಗಿರಲಿಲ್ಲ, ಮೂರು ದಿನದಿಂದ ಬೇರೆಯೇ ಆಗಿದ್ದಾರೆ’ ಎಂಬ ನಿಮ್ಮ ಮಾತೇ ದೊಡ್ಡ ಸಾಕ್ಷಿ. ಅದನ್ನು ವೈದ್ಯರಿಗೆ ಇದೇ ಮಾತುಗಳಲ್ಲಿ ಹೇಳಿ. ‘ಸ್ವಲ್ಪ ಮರೆವು ಜಾಸ್ತಿಯಾಗಿದೆ’ ಎಂದು ತೇಲಿಸಿ ಹೇಳಿದರೆ ಹಳೆಯ ಚೀಟಿಯೇ ಮುಂದುವರಿಯುತ್ತದೆ.

ತಿಂಗಳುಗಳಿಂದ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಒಂದೇ ಬಗೆಯಲ್ಲಿ ಕಾಣುತ್ತಿದ್ದು ಉಳಿದೆಲ್ಲ ಹಾಗೇ ಇದ್ದರೆ ಇಷ್ಟು ಅವಸರವಿಲ್ಲ. ಆಗ ಕಣ್ಣು, ಮನೆಯ ಬೆಳಕು, ಮಿದುಳಿನ ಹಳೆಯ ಪೆಟ್ಟು ಇವುಗಳ ಕಡೆ ನೋಡಬೇಕು.

ಕಾಯದೆ ಹೊರಡಬೇಕಾದ ಸಂದರ್ಭಗಳು

ಮುಖ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ, ಅರ್ಧ ನೋಟ ಹಠಾತ್ತನೆ ಹೋದರೆ ಅದು ಹೊಸ ಸ್ಟ್ರೋಕ್ ಇರಬಹುದು. 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಕಾಶ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ಆದ್ದರಿಂದ ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳಿ.

ಜ್ವರದ ಜೊತೆ ಮಂಪರು, ಫಿಟ್ಸ್, ಎಬ್ಬಿಸಿದರೂ ಏಳದಂಥ ನಿದ್ದೆ ಇದ್ದರೂ ಕಾಯಬೇಡಿ. ಸಕ್ಕರೆ ಕಾಯಿಲೆಯವರಾದರೆ ಮೊದಲು ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆ ನೀರು ಕುಡಿಸಿ. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕಬೇಡಿ.

ಇನ್ನೊಂದನ್ನು ಮನೆಯವರು ಹೇಳಲು ಮರೆಯುತ್ತಾರೆ. ಕಳೆದ ಕೆಲವು ವಾರಗಳಲ್ಲಿ ಬಚ್ಚಲಲ್ಲೋ ಮೆಟ್ಟಿಲಲ್ಲೋ ಜಾರಿ ಬಿದ್ದಿದ್ದರೇ? ‘ಏನೂ ಆಗಲಿಲ್ಲ, ಎದ್ದು ಕಾಫಿ ಕುಡಿದ್ರು’ ಎಂದು ಎಲ್ಲರೂ ಮರೆತಿರುತ್ತಾರೆ. ಸ್ಟ್ರೋಕ್ ಆದ ಅನೇಕರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುತ್ತಾರೆ. ವಯಸ್ಸಾದವರ ಮಿದುಳು ಸ್ವಲ್ಪ ಕುಗ್ಗಿರುವುದರಿಂದ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ವಾರಗಳ ನಂತರ ಗಲಿಬಿಲಿಯಾಗಿ ತೋರಿಕೊಳ್ಳಬಹುದು. ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ.

ದೇಹದ ಕಡೆ ನೋಡಿ

ಡೆಲಿರಿಯಂಗೆ ಕಾರಣ ಎಷ್ಟೋ ಸಲ ಮನೆಮಟ್ಟದ್ದೇ. ನೀರು ಸಾಕಷ್ಟು ಕುಡಿದಿಲ್ಲ. ನಾಲ್ಕು ದಿನದಿಂದ ಮಲ ಹೋಗಿಲ್ಲ. ಮೂತ್ರ ಕಟ್ಟಿಕೊಂಡು ಕಿಬ್ಬೊಟ್ಟೆ ಉಬ್ಬಿದೆ. ಎಲ್ಲೋ ನೋವಿದೆ, ಹೇಳಲು ಬರುತ್ತಿಲ್ಲ. ಕೆಮ್ಮಿಲ್ಲದಿದ್ದರೂ ಎದೆಯಲ್ಲಿ ಸೋಂಕಿದೆ. ವಯಸ್ಸಾದವರಲ್ಲಿ ಜ್ವರ ಏರದೆಯೇ ಸೋಂಕು ಇರುವುದು ಅಪರೂಪವಲ್ಲ, ಹಾಗಾಗಿ ಹಣೆ ಮುಟ್ಟಿ ನೋಡಿ ಸುಮ್ಮನಾಗುವಂತಿಲ್ಲ.

ಬಿ.ಪಿ.ಗೆ ಕೊಡುವ ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ರಕ್ತದ ಸೋಡಿಯಂ ಇಳಿಸುತ್ತವೆ. ಆಸ್ಪತ್ರೆಯಲ್ಲಿ ‘ಉಪ್ಪಿನಂಶ ಕಡಿಮೆಯಾಗಿದೆ’ ಎನ್ನುವುದು ಇದನ್ನೇ. ಅದು 135ರಿಂದ 145ರ ನಡುವೆ ಇರಬೇಕು. ತೀರಾ ಇಳಿದರೆ ಗಲಿಬಿಲಿ, ಭ್ರಮೆ, ಫಿಟ್ಸ್ ಎಲ್ಲವೂ ಬರುತ್ತವೆ. ಹಾಗೆಂದು ಮನೆಯಲ್ಲಿ ಮಜ್ಜಿಗೆಗೆ ಉಪ್ಪು ಸುರಿದು ಸರಿಪಡಿಸಲು ಹೋಗಬೇಡಿ, ಸೋಡಿಯಂ ಅನ್ನು ಅಳತೆಯಲ್ಲಿ, ನಿಧಾನವಾಗಿ ಏರಿಸಬೇಕು.

ವೈದ್ಯರು ಸಾಮಾನ್ಯವಾಗಿ ಬರೆಯುವ ಪರೀಕ್ಷೆಗಳೆಂದರೆ ರಕ್ತಕಣಗಳ ಎಣಿಕೆ, ಸಕ್ಕರೆ, ಸೋಡಿಯಂ ಮತ್ತು ಪೊಟ್ಯಾಸಿಯಂ, ಕ್ರಿಯಾಟಿನಿನ್, ಮೂತ್ರ ಪರೀಕ್ಷೆ, ಥೈರಾಯ್ಡ್, ಬಿ12. ಯಾವುದು ಬೇಕು ಎಂಬುದನ್ನು ಅವರು ನೋಡಿ ನಿರ್ಧರಿಸಲಿ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡ ಮಾತ್ರಕ್ಕೆ ಎಲ್ಲ ಹಿರಿಯರಿಗೂ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ ಎಂಬುದೂ ಗೊತ್ತಿರಲಿ. ತೊಂದರೆ ಕೊಡದೆಯೂ ಅವು ಅಲ್ಲಿರುತ್ತವೆ, ಬೇರೆ ಕಾರಣ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಬಾರದು.

ಹರಕೆ, ಪೂಜೆ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ, ಅದು ಮನೆಯವರ ಧೈರ್ಯಕ್ಕೆ ಬೇಕಾಗುತ್ತದೆ. ಮೂತ್ರ ಪರೀಕ್ಷೆ ಮೊದಲು ಆಗಲಿ ಎನ್ನುತ್ತೇನೆ ಅಷ್ಟೆ. ಮೆಣಸಿನಕಾಯಿ ಹೊಗೆ ಹಾಕುವುದು, ಬೇವಿನ ಸೊಪ್ಪಿನಲ್ಲಿ ಹೊಡೆಯುವುದು, ಏನಿದೆಯೆಂದು ಗೊತ್ತಿಲ್ಲದ ಪುಡಿ ತಿನ್ನಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಮಾತ್ರೆಯ ಡಬ್ಬ ಬಿಚ್ಚಿ ಸುರಿಯಿರಿ

ದತ್ತೂರಿ ಬೀಜ ತಿಂದವರು ಇಲ್ಲದ್ದನ್ನು ಕಾಣುತ್ತಾರೆ ಎಂಬುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿರುವ ಅಟ್ರೋಪಿನ್, ಸ್ಕೋಪೋಲಮೈನ್‌ನಂಥ ವಸ್ತುಗಳು ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ನೆನಪಿಗೂ ಗಮನಕ್ಕೂ ಈ ರಾಸಾಯನಿಕ ಬೇಕೇ ಬೇಕು. ನಾವು ನಿತ್ಯ ಬಳಸುವ ಹಲವು ಮಾತ್ರೆಗಳು ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತವೆ. ಶೀತ, ಅಲರ್ಜಿಗೆ ಕೊಡುವ ಕ್ಲೋರ್‌ಫೆನಿರಮೈನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಆಕ್ಸಿಬ್ಯುಟಿನಿನ್, ನರದ ನೋವಿಗೂ ನಿದ್ದೆಗೂ ಬರೆಯುವ ಅಮಿಟ್ರಿಪ್ಟಿಲಿನ್ ಈ ಸಾಲಿನವು. ಹರೆಯದವರಿಗೆ ಬಾಯಿ ಒಣಗಿ ಮುಗಿಯುವ ಮಾತ್ರೆಯೇ, ಸ್ಟ್ರೋಕ್ ಆದ 75ರ ಮಿದುಳಿಗೆ ಮನೆ ತುಂಬ ಜನರನ್ನು ತೋರಿಸಬಹುದು.

ಬೇರೆ ದಾರಿಯಿಂದ ಭ್ರಮೆ ತರುವವೂ ಇವೆ. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾ, ಪ್ರಮಿಪೆಕ್ಸೋಲ್, ಅಮಾಂಟಡೀನ್, ನೋವಿಗೆ ಕೊಡುವ ಟ್ರಮಡಾಲ್, ಸ್ಟೀರಾಯ್ಡ್‌ಗಳು. ವರ್ಷಗಳಿಂದ ನಿದ್ದೆಗೆಂದು ನುಂಗುತ್ತಿದ್ದ ಆಲ್‌ಪ್ರಜೋಲಾಂ ಹಠಾತ್ತನೆ ನಿಲ್ಲಿಸಿದರೂ ಭ್ರಮೆ ಬರುತ್ತದೆ. ದಿನಾ ಕುಡಿಯುವ ಅಭ್ಯಾಸವಿದ್ದವರು ಆಸ್ಪತ್ರೆ ಸೇರಿ ಎರಡು ಮೂರನೆಯ ದಿನ ಹುಳ ಹುಪ್ಪಟೆ ಕಾಣತೊಡಗಿದರೆ, ಕುಡಿತ ನಿಂತದ್ದೇ ಕಾರಣವಿರಬಹುದು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಜೀವಕ್ಕೆ ಕುತ್ತು.

ಕೆಲಸ ಇಷ್ಟು: ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಕಣ್ಣಿನ ಹನಿ, ಕಷಾಯದ ಬಾಟಲಿ, ಲೇಹ್ಯದ ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ. ಚೀಟಿ ಸಾಲದು. ಚೀಟಿಯಲ್ಲಿಲ್ಲದ್ದು ದಿಂಬಿನ ಕೆಳಗೆ ಇರುತ್ತದೆ. ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿ ಎರಡೆರಡು ಸಲ ಹೋಗುತ್ತಿರುವುದು ಇಂಥ ಚೀಲಗಳಲ್ಲೇ ಸಿಕ್ಕಿಬೀಳುತ್ತದೆ. ‘ಇದರಲ್ಲಿ ಯಾವುದನ್ನು ಕಡಿಮೆ ಮಾಡಬಹುದು ಡಾಕ್ಟ್ರೇ?’ ಎಂದು ನೇರವಾಗಿ ಕೇಳಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಮುಖ್ಯವಾಗಿ ಬಿ.ಪಿ.ಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತಪ್ಪಿದರೆ ಮುಂದಿನ ಸ್ಟ್ರೋಕಿಗೆ ದಾರಿಯಾಗುತ್ತದೆ.

ಕಣ್ಣಿನ ವೈದ್ಯರನ್ನು ಮರೆಯಬೇಡಿ

ಜಿನೀವಾದ ನಿಸರ್ಗ ವಿಜ್ಞಾನಿ ಚಾರ್ಲ್ಸ್ ಬೊನೆ 1760ರಲ್ಲಿ ತನ್ನ ಅಜ್ಜ ಚಾರ್ಲ್ಸ್ ಲುಲ್ಲಾಂ ಬಗ್ಗೆ ಬರೆದ. ತೊಂಬತ್ತರ ಸಮೀಪದಲ್ಲಿದ್ದ, ಕಣ್ಣಿನ ಪೊರೆಯಿಂದ ನೋಟ ಕುಂದಿದ್ದ ಆ ಅಜ್ಜನಿಗೆ ಜನ, ಹಕ್ಕಿ, ಗಾಡಿ, ಕಟ್ಟಡಗಳು ಕಾಣುತ್ತಿದ್ದವು. ಬುದ್ಧಿ ಪೂರ್ತಿ ನೆಟ್ಟಗಿತ್ತು, ಅವು ನಿಜವಲ್ಲವೆಂಬುದೂ ಆತನಿಗೆ ಗೊತ್ತಿತ್ತು. ಕಣ್ಣಿನಿಂದ ಚಿತ್ರ ಬರುವುದು ಕಡಿಮೆಯಾದಾಗ ಮಿದುಳೇ ಚಿತ್ರ ಕಟ್ಟಿಕೊಳ್ಳುವ ಈ ಸ್ಥಿತಿಗೆ ಇಂದು ಬೊನೆಯ ಹೆಸರೇ ಇದೆ.

ಡಿಮೆನ್ಷಿಯಾ ಇರುವವರಲ್ಲಿ ಇದೇ ತೊಂದರೆ ಬಂದರೆ ‘ಇದು ನಿಜವಲ್ಲ’ ಎಂಬ ತಿಳಿವಳಿಕೆ ಜಾರಿಹೋಗಿರಬಹುದು, ಆದರೆ ಮೂಲ ಕಣ್ಣಿನದ್ದೇ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಕೆಟ್ಟ ಅಕ್ಷಿಪಟಲ ಎಲ್ಲವನ್ನೂ ನೋಡಿಸಿ. ‘ಮರೆವಿರುವವರಿಗೆ ಪೊರೆಯ ಆಪರೇಷನ್ ಯಾಕೆ?’ ಎಂದು ಮುಂದೂಡುವ ಮನೆಗಳಿವೆ. ಮರೆವಿರುವವರಿಗೆ ಸ್ಪಷ್ಟ ನೋಟ ಇನ್ನೂ ಹೆಚ್ಚು ಬೇಕು. ಹಳೆಯ ನಂಬರಿನ ಕನ್ನಡಕ, ಗೀರು ಬಿದ್ದ ಗಾಜು ಇದ್ದರೆ ಬದಲಿಸಿ. ಕಿವಿ ಮಂದವಿದ್ದರೆ ಅದನ್ನೂ ತೋರಿಸಿ.

ಸ್ಟ್ರೋಕ್ ಆದ ಕೆಲವರಿಗೆ ಎರಡೂ ಕಣ್ಣುಗಳಲ್ಲಿ ಒಂದೇ ಬದಿಯ ನೋಟ ಹೋಗಿರುತ್ತದೆ. ಊಟವಾದ ಮೇಲೆ ತಟ್ಟೆ ನೋಡಿ. ಬಲಗಡೆಯದೆಲ್ಲ ಖಾಲಿಯಾಗಿ ಎಡಗಡೆಯ ಪಲ್ಯ, ಉಪ್ಪಿನಕಾಯಿ ಮುಟ್ಟದೆ ಉಳಿದಿದ್ದರೆ, ಎಡ ಭುಜ ಬಾಗಿಲಿಗೆ ತಾಗುತ್ತಿದ್ದರೆ, ಆ ಬದಿಯ ನೋಟ ಇಲ್ಲ ಅಥವಾ ಮಿದುಳು ಆ ಬದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ನೋಟವಿಲ್ಲದ ಆ ಅರ್ಧದಲ್ಲೇ ಭ್ರಮೆಗಳು ಕಾಣುವುದುಂಟು. ಇಂಥವರನ್ನು ಆ ಕಡೆಯಿಂದ ಸದ್ದಿಲ್ಲದೆ ಸಮೀಪಿಸಬೇಡಿ.

ಬಣ್ಣದ ಚುಕ್ಕಿ, ಉರುಟು ಬೆಳಕುಗಳು ಕೆಲವೇ ಸೆಕೆಂಡು ಅಥವಾ ಒಂದೆರಡು ನಿಮಿಷ, ಪ್ರತಿ ಸಲ ಒಂದೇ ರೀತಿ ಕಂಡು ಮಾಯವಾದರೆ ಅದು ಮಿದುಳಿನ ಹಿಂಭಾಗದ ಫಿಟ್ಸ್ ಇರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ.

ಅವರ ಮಂಚದ ಮೇಲೆ ಮಲಗಿ ನೋಡಿ

ಭ್ರಮೆ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಭ್ರಮೆಯಲ್ಲ, ಇರುವ ವಸ್ತುವನ್ನೇ ತಪ್ಪಾಗಿ ಕಂಡದ್ದು. ತೊಂದರೆ ಶುರುವಾಗುವ ಹೊತ್ತಿಗೇ ಹೋಗಿ ಅವರ ಜಾಗದಲ್ಲಿ ಕೂತು, ಬೇಕಾದರೆ ಅವರ ಮಂಚದಲ್ಲಿ ಮಲಗಿ, ಅವರ ಕಣ್ಣಿನ ಎತ್ತರದಿಂದ ನೋಡಿ. ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ ಷರಟು ಮಬ್ಬಿನಲ್ಲಿ ನಿಂತ ಮನುಷ್ಯನೇ. ಬೀರುವಿನ ಬಾಗಿಲಿನ ಉದ್ದ ಕನ್ನಡಿಯಲ್ಲಿ ಯಾರೋ ಮುದುಕಿ ಇಣುಕುತ್ತಾಳೆ, ತನ್ನ ಮುಖವೇ ಎಂದು ಅವರಿಗೆ ತಿಳಿಯುತ್ತಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಫ್ಯಾನ್ ತಿರುಗಿದರೆ ಗೋಡೆಯ ಮೇಲೆಲ್ಲ ನೆರಳು ಓಡುತ್ತದೆ. ಮೊಸಾಯಿಕ್ ನೆಲದ ಚುಕ್ಕಿಗಳು ಇರುವೆಗಳಾಗುತ್ತವೆ, ಹೂವಿನ ಬೆಡ್‌ಶೀಟಿನ ಮೇಲೆ ಹುಳ ಹರಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲು, ಹಾರ ಹಾಕಿದ ತೀರಿಹೋದವರ ಫೋಟೊ ಮತ್ತು ಅದರ ಕೆಳಗೆ ರಾತ್ರಿಯಿಡೀ ಮಿಣುಕುವ ಕೆಂಪು ಬಲ್ಬು. ಆ ಬೆಳಕಿನಲ್ಲಿ ಫೋಟೊದ ಮುಖ ಅಲುಗಿದಂತೆ ನನಗೂ ಅನ್ನಿಸುತ್ತದೆ, ಮಿದುಳಿಗೆ ಪೆಟ್ಟಾದವರ ಪಾಡೇನು!

ಹೊತ್ತು ಮುಳುಗುವ ಮೊದಲೇ ದೀಪ ಹಾಕಿ. ಮೂಲೆಗಳಲ್ಲಿ ನೆರಳು ಬೀಳದ ಹಾಗೆ ಬೆಳಕು ಹರಡಿರಲಿ. ಕಿಟಕಿ ಗಾಜಿನಲ್ಲಿ ಒಳಗಿನ ಪ್ರತಿಬಿಂಬ ಕಾಣುತ್ತದೆ, ಪರದೆ ಎಳೆಯಿರಿ. ಕನ್ನಡಿಗೆ ಸೀರೆ ಮುಚ್ಚಿ, ಆದರೆ ಕನ್ನಡಿಯಿಂದ ತೊಂದರೆಯಾಗುತ್ತಿದ್ದರೆ ಮಾತ್ರ. ಹಾಸಿಗೆಗೆ ಒಂದೇ ಬಣ್ಣದ ಬಟ್ಟೆ ಹಾಸಿ. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಸಣ್ಣ ದೀಪ ಉರಿಯಲಿ, ಕರೆಂಟ್ ಹೋದರೂ ಉರಿಯುವಂಥದ್ದಾದರೆ ಒಳ್ಳೆಯದು. ಕೊಲೆ, ಬಡಿದಾಟದ ಧಾರಾವಾಹಿಗಳನ್ನು ಅವರ ಕೋಣೆಯಲ್ಲಿ ನಡೆಸಬೇಡಿ, ಟಿ.ವಿ.ಯಲ್ಲಿದ್ದವರು ಹಜಾರಕ್ಕೆ ಇಳಿದುಬರುತ್ತಾರೆ. ಒಂದೇ ದಿನ ಎಲ್ಲವನ್ನೂ ಬದಲಿಸಿ ಕೋಣೆಯೇ ಗುರುತು ಸಿಗದಂತೆ ಮಾಡುವುದೂ ತಪ್ಪು.

ಕಂಡಾಗ ಏನು ಹೇಳಬೇಕು

ಹಾಸನದ ಕಡೆಯ ಮನೆಯೊಂದನ್ನು ಊಹಿಸಿಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಕೂತ ಅಜ್ಜಿ ಅನ್ನ ಕಲಸುವುದನ್ನು ನಿಲ್ಲಿಸಿ ಹೊಸ್ತಿಲ ಕಡೆ ನೋಡುತ್ತಾರೆ.

‘ಆ ಮಕ್ಕಳಿಗೂ ಒಂದೊಂದ್ ತಟ್ಟೆ ಹಾಕಮ್ಮ.’

‘ಯಾವ ಮಕ್ಕಳು, ಅತ್ತೆ?’

‘ಅಲ್ಲೇ ಸಾಲಾಗಿ ಕೂತಿಲ್ವಾ. ಪಾಪ, ಹಸ್ಕೊಂಡಿವೆ.’

‘ಅಲ್ಲಿ ಯಾರೂ ಇಲ್ಲ, ಸುಮ್ನೆ ಊಟ ಮಾಡಿ’ ಎಂದರೆ ಅಜ್ಜಿಯ ಪಾಲಿಗೆ ಸೊಸೆ ಸುಳ್ಳುಗಾರ್ತಿ, ಮೇಲಾಗಿ ಕಲ್ಲುಮನಸ್ಸಿನವಳು. ‘ಹೌದತ್ತೆ, ಐದು ಜನ ಇದ್ದಾರೆ’ ಎಂದು ತಟ್ಟೆ ಹಾಕಿದರೆ ಇವತ್ತಿಗೆ ಸರಿ. ನಾಳೆ ಅದೇ ಹೊಸ್ತಿಲಲ್ಲಿ ಕಳ್ಳ ಕಂಡರೆ ಅವನನ್ನೂ ಸೊಸೆ ನೋಡಿದ್ದಾಳೆ ಎಂದಾಗುತ್ತದೆ. ನಡುವೆ ಒಂದು ದಾರಿಯಿದೆ.

‘ನಂಗೆ ಕಾಣಿಸ್ತಿಲ್ಲ ಅತ್ತೆ. ನಿಮ್ಗೆ ಕಾಣಿಸ್ತಿದೆ ಅಲ್ವಾ. ಅನ್ನ ಎಲ್ರಿಗೂ ಆಗೋಷ್ಟಿದೆ, ಯಾರೂ ಹಸ್ಕೊಂಡಿರಲ್ಲ. ನೀವು ಊಟ ಮಾಡಿ, ಆರೋಗುತ್ತೆ.’

ಇದರಲ್ಲಿ ಸುಳ್ಳಿಲ್ಲ, ವಾದವೂ ಇಲ್ಲ. ಮಕ್ಕಳಿದ್ದಾರೋ ಇಲ್ಲವೋ ಎಂಬುದಕ್ಕೆ ಉತ್ತರ ಹುಡುಕದೆ, ಮಕ್ಕಳು ಹಸಿದಿದ್ದಾರೆ ಎಂಬ ಅಜ್ಜಿಯ ಸಂಕಟಕ್ಕೆ ಉತ್ತರ ಕೊಟ್ಟಂತಾಯಿತು. ಜೀವಮಾನವಿಡೀ ಮನೆ ತುಂಬ ಮಕ್ಕಳಿಗೆ ಬಡಿಸಿದವರಿಗೆ ಆ ಸಂಕಟ ಸಹಜವಾದದ್ದೇ.

ಹೆದರಿಕೆಯಾಗಿದ್ದರೆ ಮೊದಲು ದೊಡ್ಡ ದೀಪ ಹಾಕಿ. ಮುಂದಿನಿಂದ ಬಂದು, ಹೆಸರೋ ಸಂಬಂಧವೋ ಹೇಳಿ ಕೈ ಹಿಡಿಯಿರಿ. ‘ನಾನಿಲ್ಲೇ ಇದ್ದೀನಿ’ ಎನ್ನಿ. ಸಾಧ್ಯವಾದರೆ ಕೋಣೆ ಬದಲಿಸಿ, ಹಜಾರಕ್ಕೋ ಜಗುಲಿಗೋ ಕರೆದುಕೊಂಡು ಹೋಗಿ. ಜಾಗ ಬದಲಾದರೆ ಎಷ್ಟೋ ಸಲ ಕಂಡದ್ದು ಹಿಂದೆಯೇ ಉಳಿಯುತ್ತದೆ. ಕಳ್ಳರು ಬಂದಿದ್ದಾರೆ ಎಂದರೆ ‘ಚಿಲಕ ಹಾಕಿದೆಯಾ, ಇಬ್ರೂ ಹೋಗಿ ನೋಡೋಣ’ ಎಂದು ಜೊತೆಗೆ ನಡೆಯಿರಿ. ತಿಳಿವಳಿಕೆ ಉಳಿದಿರುವವರಿಗೆ ಕಣ್ಣನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಹೊರಳಿಸಲು, ಕಂಡದ್ದರ ಕಡೆ ಕೈ ಚಾಚಲು ಹೇಳಿಕೊಡಿ. ಕಣ್ಣಿನ ದೋಷದಿಂದ ಬಂದ ದೃಶ್ಯಗಳು ಹೀಗೆ ಮಾಡಿದರೆ ಮಾಯವಾಗುವುದುಂಟು.

ಕಂಡದ್ದು ಅವರಿಗೆ ಖುಷಿ ಕೊಡುತ್ತಿದ್ದರೆ, ಉದಾಹರಣೆಗೆ ತೀರಿಹೋದ ತಂಗಿ ಬಂದು ಮಂಚದ ತುದಿಯಲ್ಲಿ ಕೂರುತ್ತಾಳೆ ಎಂದರೆ, ಕಾರಣಗಳನ್ನು ಒಮ್ಮೆ ಪರೀಕ್ಷಿಸಿದ ಮೇಲೆ ಸುಮ್ಮನೆ ಬಿಟ್ಟುಬಿಡಿ. ನಮಗೆ ಇರಿಸುಮುರಿಸಾಗುತ್ತದೆ ಎಂಬುದು ಅವರಿಗೆ ಔಷಧ ಕೊಡಲು ಕಾರಣವಾಗಬಾರದು.

ಭ್ರಮೆಯ ಬೆನ್ನು ಹತ್ತಿ ರಾತ್ರಿ ಎದ್ದು ಹೊರಡುವವರಿದ್ದರೆ ಮಾತ್ರ ಎಚ್ಚರ ಹೆಚ್ಚಿರಲಿ. ಕತ್ತಿ, ಮಚ್ಚು, ಈಳಿಗೆಮಣೆ ಕೈಗೆ ಸಿಗದಂತಿಡಿ. ಮಲಗುವ ಮುನ್ನ ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ. ಹೊರಬಾಗಿಲಿಗೆ ಗೆಜ್ಜೆಯೋ ಗಂಟೆಯೋ ಕಟ್ಟಿ. ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗಬೇಡಿ.

ಒಂದು ನೋಟ್‌ಬುಕ್ ಇಡಿ

ವೈದ್ಯರಿಗೆ ಸಿಗುವುದು ಐದೋ ಹತ್ತೋ ನಿಮಿಷ. ಆ ಹೊತ್ತಿಗೆ ಹಿರಿಯರು ನಗುನಗುತ್ತಾ ‘ಚೆನ್ನಾಗಿದೀನಿ’ ಎಂದುಬಿಡುತ್ತಾರೆ. ಅದಕ್ಕೆ ಬರೆದಿಡಬೇಕು. ಹೀಗೆ: ‘ಮಂಗಳವಾರ ಸಂಜೆ 6.40. ಕರೆಂಟ್ ಹೋಗಿತ್ತು. ಹಜಾರದ ಮೂಲೆಯಲ್ಲಿ ಕಪ್ಪು ನಾಯಿ ಅಂದರು. ಹೆದರಲಿಲ್ಲ, ಓಡಿಸು ಅಂದರು. ದೀಪ ಬಂದ ಮೇಲೆ ಇಲ್ಲ. ಬೆಳಿಗ್ಗೆಯಿಂದ ಮೂತ್ರ ಎರಡೇ ಸಲ. ನಿನ್ನೆ ರಾತ್ರಿ ಶೀತದ ಮಾತ್ರೆ ಕೊಟ್ಟಿದ್ದೆ.’ ಈ ಏಳು ಸಾಲಿನಲ್ಲಿ ಬೆಳಕು, ನೀರು, ಮಾತ್ರೆ ಮೂರರ ಮೇಲೂ ಅನುಮಾನ ಮೂಡಿತು. ಒಂದು ವಾರ ಬರೆದರೆ ಒಂದು ಕ್ರಮ ಕಾಣತೊಡಗುತ್ತದೆ.

ಇನ್ನು ಮೂರು ಸಂಗತಿ ಪ್ರತ್ಯೇಕವಾಗಿ ಹೇಳಿ. ಒಂದು ದಿನ ಚುರುಕು, ಇನ್ನೊಂದು ದಿನ ಮಂಕು ಎಂಬ ಏರಿಳಿತ ಇದೆಯೇ? ನಡಿಗೆ ನಿಧಾನವಾಗಿ, ಬಾಗಿ, ಕೈ ಬಿಗಿಯಾಗಿದೆಯೇ? ವರ್ಷಗಳಿಂದ ನಿದ್ದೆಯಲ್ಲಿ ಕೂಗುವುದು, ಒದೆಯುವುದು ಇದೆಯೇ? ಇವು ಲೂಯಿ ಬಾಡಿ ಡಿಮೆನ್ಷಿಯಾ ಎಂಬ ಇನ್ನೊಂದು ಕಾಯಿಲೆಯ ಗುರುತುಗಳು. ಸ್ಪಷ್ಟವಾದ ದೃಷ್ಟಿಭ್ರಮೆ ಆ ಕಾಯಿಲೆಯ ಮುಖ್ಯ ಲಕ್ಷಣವೇ ಹೌದು. ಸ್ಕ್ಯಾನಿನಲ್ಲಿ ಹಳೆಯ ಸ್ಟ್ರೋಕ್ ಕಂಡಿತೆಂದು ಅಲ್ಲಿಗೇ ನಿಂತರೆ ಜೊತೆಗಿರುವ ಇದು ತಪ್ಪಿಹೋಗಬಹುದು. ತಪ್ಪಿಹೋದರೆ, ಗಲಾಟೆ ಅಡಗಿಸಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧ ಇವರನ್ನು ಮರಗಟ್ಟಿಸಿ ಜೀವಕ್ಕೇ ಕುತ್ತು ತರಬಹುದು.

ಎಲ್ಲಿಗೆ ಹೋಗುವುದು? ದಿಢೀರನೆ ಶುರುವಾದದ್ದಕ್ಕೆ ಹತ್ತಿರದ ಫಿಸಿಷಿಯನ್ ಸಾಕು, ಮೊದಲೇ ಬೆಂಗಳೂರಿಗೆ ಓಡಬೇಕಿಲ್ಲ. ನಿಧಾನದ್ದಕ್ಕೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಅಥವಾ ನರರೋಗ ತಜ್ಞರು, ಗೊಂದಲ ಬಗೆಹರಿಯದಿದ್ದರೆ ನಿಮ್ಹಾನ್ಸ್. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ವ್ಯವಸ್ಥೆಯಿದೆ, ನಿಮ್ಮಲ್ಲಿ ಯಾವ ದಿನ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಡುರಾತ್ರಿ ಏನು ಮಾಡುವುದೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ನೋಡಿಕೊಳ್ಳುವವರೂ ತಮ್ಮ ದಣಿವು ಹೇಳಿಕೊಳ್ಳಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ರಾತ್ರಿ ಪಾಳಿ ಸೊಸೆಯೊಬ್ಬಳದೇ ಆಗಿರುವ ಮನೆಗಳಲ್ಲಿ ಗಂಡು ಮಕ್ಕಳೂ ಸರದಿ ಹಿಡಿಯಲಿ. ನಿದ್ದೆಗೆಟ್ಟವರಿಂದ ಸಮಾಧಾನದ ಮಾತು ಬರುವುದಿಲ್ಲ.

ಭ್ರಮೆಗೆ ಮಾತ್ರೆ ಬರೆದರೆ

ಇಷ್ಟೆಲ್ಲ ಮಾಡಿದ ಮೇಲೂ ಹೆದರಿಕೆ ಅತಿಯಾಗಿದ್ದರೆ, ಊಟ ಬಿಟ್ಟಿದ್ದರೆ, ತಮಗೋ ಬೇರೆಯವರಿಗೋ ಅಪಾಯ ಮಾಡುವಂತಿದ್ದರೆ ಔಷಧ ಬೇಕಾಗುತ್ತದೆ. ಆಗ ಕೊಡುವುದು ಕ್ವಿಟಿಯಾಪಿನ್, ರಿಸ್ಪೆರಿಡೋನ್‌ನಂಥ ಮಾತ್ರೆಗಳು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇಂಥ ಔಷಧಗಳು ಸಾವಿನ ಸಂಭವ ಹೆಚ್ಚಿಸುತ್ತವೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2005ರಲ್ಲಿ ಎಚ್ಚರಿಸಿತು. ಸುಮಾರು 10 ವಾರಗಳ ಪ್ರಯೋಗಗಳಲ್ಲಿ ಔಷಧ ಪಡೆದವರಲ್ಲಿ ಶೇ 4.5ರಷ್ಟು, ಹುಸಿ ಮಾತ್ರೆ ಪಡೆದವರಲ್ಲಿ ಶೇ 2.6ರಷ್ಟು ಜನ ಸತ್ತಿದ್ದರು. ಸ್ಟ್ರೋಕಿನ ಅಪಾಯವೂ ಹೆಚ್ಚುತ್ತದೆ. ಮೊದಲೇ ಸ್ಟ್ರೋಕ್ ಆದವರ ವಿಷಯದಲ್ಲಿ ಇದನ್ನು ಇನ್ನಷ್ಟು ತೂಗಿ ನೋಡಬೇಕು. ಹಾಗೆಂದು ವೈದ್ಯರು ಯೋಚಿಸಿ ಬರೆದದ್ದನ್ನು ಎಸೆಯಬೇಡಿ. ರಾತ್ರಿಯಿಡೀ ಅರಚುತ್ತಾ ಇರುವವರಿಗೆ ಸಣ್ಣ ಪ್ರಮಾಣದ ಮಾತ್ರೆ ಕೆಲವು ವಾರ ಉಪಕಾರವೇ.

ಮಾತ್ರೆ ಶುರುವಾದ ಮೇಲೆ ದಿನವಿಡೀ ನಿದ್ದೆ, ಮೈ ಬಿಗಿತ, ಜೊಲ್ಲು, ನುಂಗುವಾಗ ನೆತ್ತಿಗೇರುವುದು, ಪದೇ ಪದೇ ಬೀಳುವುದು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ತಿಳಿಸಿ. ಎಲ್ಲ ಸರಿಯಿದ್ದರೂ ಈ ಮಾತ್ರೆ ಕಾಯಮ್ಮಾಗಿ ಮುಂದುವರಿಯಬೇಕಾದದ್ದಲ್ಲ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಿಂಗಳು ತಿಂಗಳೂ ತರುವುದರಿಂದಲೇ ಆರು ವಾರಕ್ಕೆಂದು ಬರೆದದ್ದು ಆರು ವರ್ಷ ಓಡುತ್ತದೆ. ಬರೆದ ದಿನವೇ ಕೇಳಿ: ಇದು ಯಾವ ತೊಂದರೆಗೆ, ಎಷ್ಟು ದಿನ, ಯಾವಾಗ ಕಡಿಮೆ ಮಾಡಿ ನೋಡುವುದು? ಆ ತಾರೀಖನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.